ಉಪ್ಪಿಗೊಂದು ಹೊರದಾರಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕಬ್ಬಿನ ಊರುಗಳಲ್ಲಿ ಯೂರಿಯಾಕ್ಕಾಗಿ ಪೇಟೆಗೆ ಹೋಗಬೇಕಿಲ್ಲ. ಪಡಸಾಲೆಯ ಮೂಲೆಯಲ್ಲೋ ದನದ ಕೊಟ್ಟಿಗೆಯಲ್ಲೋ ಬಾಯಿ ಬಿಚ್ಚಿದ ಚೀಲವೊಂದು ಇದ್ದೇ ಇರುತ್ತದೆ. ಅಂಗಳದ ತುಳಸಿ ಸೊರಗಿದಂತೆ ಕಂಡರೆ, ಕಿಟಕಿಯ ಬಳಿಯ ಮನಿಪ್ಲಾಂಟ್ ಹೊಸ ಎಲೆ ಬಿಡದಿದ್ದರೆ, ಕುಂಡದ ಗುಲಾಬಿ ಮೊಗ್ಗು ಕಟ್ಟದಿದ್ದರೆ ಕೈ ಆ ಚೀಲಕ್ಕೇ ಹೋಗುತ್ತದೆ. ಹೊಲದ ಕಬ್ಬನ್ನು ಕೆಲವೇ ದಿನಗಳಲ್ಲಿ ಕಡುಹಸಿರು ಮಾಡುವ ಸರಕಾರಿ ಗೊಬ್ಬರ ಕುಂಡದ ಗಿಡಕ್ಕೂ ಒಳ್ಳೆಯದನ್ನೇ ಮಾಡೀತು ಎಂಬ ನಂಬಿಕೆ ಸಹಜವಾದದ್ದು. ಒಂದು ಹಿಡಿ ಹಾಕಿ, ಮೇಲೊಂದು ಚೊಂಬು ನೀರು ಹೊಯ್ಯುತ್ತಾರೆ. ಎರಡು ಮೂರು ದಿನಗಳಲ್ಲಿ ಎಲೆಯ ತುದಿ ಕಂದಿಗೆ ತಿರುಗುತ್ತದೆ. ವಾರ ಕಳೆಯುವಷ್ಟರಲ್ಲಿ ಎಲೆಯಂಚು ಬೆಂಕಿ ತಾಗಿದಂತೆ ಮುರುಟುತ್ತದೆ. ಗಿಡಕ್ಕೆ ಶಕ್ತಿ ಸಾಲದೆಂದು ಬಗೆದು ಇನ್ನಷ್ಟು ಗೊಬ್ಬರ ಹಾಕಿದರೆ ಕೆಲಸ ಮುಗಿದಂತೆ.

ಅತಿಯಾದ ಗೊಬ್ಬರದಿಂದ ಸುಟ್ಟ ಗಿಡವನ್ನು ಅನೇಕ ಸಲ ಉಳಿಸಿಕೊಳ್ಳಬಹುದು. ಉಳಿಸಲು ಬೇಕಾದದ್ದು ಮದ್ದೂ ಅಲ್ಲ, ಟಾನಿಕ್ಕೂ ಅಲ್ಲ. ನೀರು, ಆ ನೀರು ಹೊರಹೋಗಲು ಒಂದು ದಾರಿ, ಮತ್ತು ತಾಳ್ಮೆ. ಇದರ ಹಿಂದಿರುವ ವಿಜ್ಞಾನವನ್ನು ಅರಿತವರಿಗೆ ಕುಂಡದಾಚೆಗಿನ ಇನ್ನೊಂದು ದೊಡ್ಡ ಸಂಗತಿಯೂ ತಿಳಿಯುತ್ತದೆ. ಘಟಪ್ರಭಾ ಅಚ್ಚುಕಟ್ಟಿನ ತಗ್ಗಿನ ಹೊಲಗಳು ಏಕೆ ಉಪ್ಪೇರಿ, ನೀರು ನಿಂತು ಸವಳು-ಜವಳಾಗುತ್ತವೆ, ಅವುಗಳನ್ನು ಮತ್ತೆ ಬೆಳೆಗೆ ತರುವುದು ಹೇಗೆ ಎಂಬ ಪ್ರಶ್ನೆಗೂ ಉತ್ತರ ಇದೇ ಕುಂಡದಲ್ಲಿದೆ.

ಒಂದು ಹಿಡಿಯ ಲೆಕ್ಕ

ಮೊದಲು ಒಂದು ಹಿಡಿ ಎಂದರೆ ಎಷ್ಟು ಎಂಬುದನ್ನು ನೋಡೋಣ. ನೀರಾವರಿ ಕಬ್ಬಿಗೆ ನಮ್ಮಲ್ಲಿ ಶಿಫಾರಸಾದ ಸಾರಜನಕ ಹೆಕ್ಟೇರಿಗೆ ಸುಮಾರು 250 ಕಿಲೋಗ್ರಾಂ. ಯೂರಿಯಾದಲ್ಲಿ ಸಾರಜನಕದ ಪಾಲು ಶೇಕಡಾ 46. ಅಂದರೆ ಇಡೀ ಸಾರಜನಕವನ್ನು ಯೂರಿಯಾ ರೂಪದಲ್ಲೇ ಕೊಟ್ಟರೂ ಹೆಕ್ಟೇರಿಗೆ ಸುಮಾರು 543 ಕಿಲೋಗ್ರಾಂ ಸಾಕು. ಒಂದು ಚದರ ಮೀಟರಿಗೆ ಇದು 54 ಗ್ರಾಂ ಆಗುತ್ತದೆ. ಅದನ್ನೂ ಒಮ್ಮೆಗೇ ಸುರಿಯುವುದಿಲ್ಲ. ನಾಟಿಯಿಂದ ಬೋದು ಏರಿಸುವವರೆಗೆ ಕಂತುಕಂತಾಗಿ ಕೊಡುತ್ತಾರೆ.

ಈಗ ಕುಂಡಕ್ಕೆ ಬರೋಣ. ಬಾಯಿಯ ಅಗಲ 20 ಸೆಂಟಿಮೀಟರ್ ಇರುವ, ಸುಮಾರು ಐದು ಲೀಟರ್ ಮಣ್ಣು ಹಿಡಿಯುವ ಸಾಮಾನ್ಯ ಕುಂಡದ ಮೇಲ್ಮೈ 314 ಚದರ ಸೆಂಟಿಮೀಟರ್. ಕಬ್ಬಿನ ಲೆಕ್ಕವನ್ನೇ ಹಿಡಿದರೂ ಈ ಕುಂಡಕ್ಕೆ ಒಂದು ಬೆಳೆಯ ಪೂರ್ತಿ ಅವಧಿಗೆ ಸಲ್ಲುವ ಯೂರಿಯಾ 1.7 ಗ್ರಾಂ ಮಾತ್ರ. ಒಂದು ಹಿಡಿ ಯೂರಿಯಾ ಸುಮಾರು 40 ಗ್ರಾಂ ತೂಗುತ್ತದೆ. ಗೊಬ್ಬರದ ಹಸಿವು ಅತಿ ಹೆಚ್ಚಿರುವ ಕಬ್ಬು ಒಂದು ವರ್ಷದಲ್ಲಿ ಉಣ್ಣುವುದರ ಇಪ್ಪತ್ತು ಪಟ್ಟಿಗೂ ಹೆಚ್ಚನ್ನು ನೆರಳಿನಲ್ಲಿ ನಿಧಾನವಾಗಿ ಬೆಳೆಯುವ ಮನಿಪ್ಲಾಂಟ್‌ಗೆ ಒಂದೇ ಗಳಿಗೆಯಲ್ಲಿ ಹಾಕಿದಂತಾಯಿತು. ಚಹಾ ಚಮಚದ ಅಳತೆಯಲ್ಲಿ ಹಾಕಿದರೂ ನಾಲ್ಕು ಗ್ರಾಂ ಹತ್ತಿರ ಬರುತ್ತದೆ. ಅದೂ ಕಬ್ಬಿನ ವರ್ಷದ ಪಾಲಿನ ಎರಡು ಪಟ್ಟು.

ಹೊಲದಲ್ಲಿ ಕೈ ತುಸು ಮುಂದಾದರೆ ತಾಳಿಕೊಳ್ಳಲು ಆಳವಾದ ಮಣ್ಣಿದೆ, ಬೇರು ಅತ್ತಿತ್ತ ಸರಿಯಲು ಜಾಗವಿದೆ, ಮಳೆಗಾಲದಲ್ಲಿ ಕೆಳಗಿಳಿದು ಹೋಗುವ ನೀರಿದೆ. ಕುಂಡದ ಬೇರಿಗೆ ಓಡಿಹೋಗಲು ಎಲ್ಲಿಯೂ ಜಾಗವಿಲ್ಲ.

ತೇವದ ನಡುವೆ ಬಾಯಾರಿಕೆ

ಉಪ್ಪಿನಕಾಯಿಗೆಂದು ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ, ಹೋಳು ಸುಕ್ಕಾಗಿರುತ್ತದೆ. ಹೊರಗಿನಿಂದ ಯಾರೂ ನೀರು ಹಾಕಿಲ್ಲ. ಹೋಳಿನ ಜೀವಕೋಶಗಳೊಳಗಿನ ನೀರನ್ನೇ ಉಪ್ಪು ಹೊರಗೆಳೆದಿದೆ. ಹೆಚ್ಚು ಗೊಬ್ಬರ ಬಿದ್ದ ಕುಂಡದಲ್ಲಿ ಬೇರಿಗೆ ಆಗುವುದೂ ಇದೇ.

ಜೀವಕೋಶದ ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ನೀರಿನಲ್ಲಿ ಕರಗಿದ ವಸ್ತುಗಳನ್ನು ಸುಲಭವಾಗಿ ಬಿಡುವುದಿಲ್ಲ. ಕರಗಿದ ಕಣಗಳು ಯಾವ ಕಡೆ ಹೆಚ್ಚಿವೆಯೋ ಆ ಕಡೆಗೆ ನೀರು ಸರಿಯುತ್ತದೆ. ಇದೇ ಪರಾಸರಣ. ಆರೋಗ್ಯವಾದ ಗಿಡದಲ್ಲಿ ಬೇರಿನ ಕೋಶರಸ ಮಣ್ಣಿನ ನೀರಿಗಿಂತ ದಟ್ಟವಾಗಿರುವುದರಿಂದ ನೀರು ಒಳಕ್ಕೆ ಬರುತ್ತದೆ. ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಫೆಫರ್ 1877ರಲ್ಲಿ ಪರಾಸರಣ ಒತ್ತಡವನ್ನು ಅಳೆದು ತೋರಿಸಿದರು. ಆ ಅಳತೆಗಳ ಆಧಾರದ ಮೇಲೆ ಡಚ್ ವಿಜ್ಞಾನಿ ವ್ಯಾಂಟ್ ಹಾಫ್ ಕಂಡುಕೊಂಡ ನಿಯಮ ಬಹಳ ಸರಳ. ಒತ್ತಡ ನಿಂತಿರುವುದು ಕರಗಿದ ವಸ್ತು ಯಾವುದೆಂಬುದರ ಮೇಲಲ್ಲ, ಕರಗಿದ ಕಣಗಳು ಎಷ್ಟೆಂಬುದರ ಮೇಲೆ. ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ 1901ರಲ್ಲಿ ಅವರಿಗೆ ಸಂದಿತು.

ಆ ನಿಯಮವನ್ನು ನಮ್ಮ ಕುಂಡಕ್ಕೆ ಹಚ್ಚಿ ನೋಡಬಹುದು. ಐದು ಲೀಟರ್ ಮಣ್ಣು ಒಂದೂವರೆ ಲೀಟರ್ ನೀರು ಹಿಡಿದಿದೆ ಎನ್ನೋಣ. ಅದರಲ್ಲಿ 40 ಗ್ರಾಂ ಯೂರಿಯಾ ಕರಗಿದರೆ ಲೆಕ್ಕದ ಪ್ರಕಾರ ಪರಾಸರಣ ಒತ್ತಡ ವಾಯುಮಂಡಲದ ಒತ್ತಡದ ಹನ್ನೊಂದು ಪಟ್ಟು ಆಗುತ್ತದೆ. ಒಣಗುತ್ತಿರುವ ಹೊಲದಲ್ಲಿ ಮಣ್ಣು ನೀರನ್ನು ಹದಿನೈದು ಪಟ್ಟು ಒತ್ತಡದಲ್ಲಿ ಹಿಡಿದಿಟ್ಟ ಹಂತಕ್ಕೆ ಬೆಳೆ ಮತ್ತೆ ಏಳದಂತೆ ಬಾಡುತ್ತದೆ ಎಂದು ಕೃಷಿ ವಿಜ್ಞಾನ ಹೇಳುತ್ತದೆ. ಒಂದು ಹಿಡಿ ಗೊಬ್ಬರ ತೇವ ತುಂಬಿದ ಕುಂಡವನ್ನು ಆ ಅಂಚಿನ ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ. ಮಣ್ಣನ್ನು ಮುಟ್ಟಿದರೆ ಹಸಿ, ಗಿಡಕ್ಕೆ ಮಾತ್ರ ಬರಗಾಲ.

ಗಿಡ ಸುಮ್ಮನೆ ಸೋಲುವುದಿಲ್ಲ. ಬೇರಿನಿಂದ ಅಪಾಯದ ಸೂಚನೆ ಹೊತ್ತ ಹಾರ್ಮೋನು ಎಲೆಗೆ ತಲುಪಿ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ, ನೀರು ಆವಿಯಾಗುವುದು ತಗ್ಗುತ್ತದೆ. ಕೋಶಗಳು ಸಕ್ಕರೆ, ಪ್ರೋಲೀನ್‌ನಂತಹ ವಸ್ತುಗಳನ್ನು ತಯಾರಿಸಿ ತಮ್ಮ ರಸವನ್ನು ಇನ್ನಷ್ಟು ದಟ್ಟ ಮಾಡಿಕೊಂಡು ನೀರನ್ನು ಮರಳಿ ಸೆಳೆಯಲು ನೋಡುತ್ತವೆ. ಆದರೆ ರಂಧ್ರ ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಒಳಬರುವುದಿಲ್ಲ, ಆಹಾರ ತಯಾರಿ ನಿಧಾನವಾಗುತ್ತದೆ. ತಯಾರಾದ ಅಷ್ಟಿಷ್ಟೂ ಈ ಹೋರಾಟಕ್ಕೇ ಖರ್ಚಾಗುತ್ತದೆ. ಬೆಳವಣಿಗೆ ನಿಲ್ಲುವುದು ಹೀಗೆ.

ಮೊದಲ ಎರಡು ದಿನಗಳ ಮಹತ್ವ

ಯೂರಿಯಾದ ವಿಷಯದಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಅದು ಹಾಕಿದ ರೂಪದಲ್ಲಿ ಉಳಿಯುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಜಗತ್ತಿನಲ್ಲಿ ಮೊದಲು ಹರಳುರೂಪದಲ್ಲಿ ದೊರೆತ ಕಿಣ್ವವೇ ಯೂರಿಯೇಸ್. ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಅದನ್ನು ಒಂದು ಜಾತಿಯ ಅವರೆ ಬೀಜದಿಂದ ಬೇರ್ಪಡಿಸಿದರು. ನಮ್ಮ ಬಯಲುಸೀಮೆಯ ಬೆಚ್ಚಗಿನ, ತೇವದ ಮಣ್ಣಿನಲ್ಲಿ ಈ ಕಿಣ್ವ ಕೆಲವೇ ದಿನಗಳಲ್ಲಿ ಯೂರಿಯಾದ ಬಹುಪಾಲನ್ನು ಅಮೋನಿಯಂ ಕಾರ್ಬೊನೇಟ್ ಮಾಡಿಬಿಡುತ್ತದೆ. ಆಗ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಒಂದು ಕಣ ಇದ್ದಲ್ಲಿ ಎರಡು ಮೂರು ಕಣಗಳಾಗಿ ಪರಾಸರಣ ಒತ್ತಡ ಏರುತ್ತದೆ. ಹರಳಿನ ಸುತ್ತ ಮಣ್ಣು ಕ್ಷಾರವಾಗಿ ಅಮೋನಿಯ ಅನಿಲ ಹುಟ್ಟುತ್ತದೆ. ಎಳೆಯ ಬೇರಿಗೆ ಅದು ನೇರ ವಿಷ. ಗೊಬ್ಬರ ಹಾಕಿದ ಕುಂಡದ ಬಳಿ ಮೂಗಿಗೆ ಚುಚ್ಚುವ ವಾಸನೆ ಬರುವುದು ಇದರಿಂದಲೇ.

ಗಿಡ ಉಳಿಸುವವರಿಗೆ ಇಲ್ಲೊಂದು ಅವಕಾಶವೂ ಇದೆ. ಯೂರಿಯಾ ನೀರಿನಲ್ಲಿ ಅತಿ ಸುಲಭವಾಗಿ ಕರಗುತ್ತದೆ. ಒಂದು ಲೀಟರ್ ನೀರು ಒಂದು ಕಿಲೋಗಿಂತಲೂ ಹೆಚ್ಚು ಯೂರಿಯಾವನ್ನು ಕರಗಿಸಬಲ್ಲದು. ಅದಕ್ಕೆ ವಿದ್ಯುದಾವೇಶವಿಲ್ಲದ ಕಾರಣ ಮಣ್ಣಿನ ಜೇಡಿ ಕಣಗಳು ಅದನ್ನು ಹಿಡಿದಿಟ್ಟುಕೊಳ್ಳುವುದೂ ಇಲ್ಲ. ನೀರು ಹರಿದರೆ ಅದೂ ಜೊತೆಯಲ್ಲೇ ಹರಿದುಹೋಗುತ್ತದೆ. ಅಮೋನಿಯಂ ಆದ ಮೇಲೆ ಹಾಗಲ್ಲ. ಧನ ಆವೇಶದ ಅಮೋನಿಯಂ ಋಣ ಆವೇಶದ ಜೇಡಿಗೆ ಅಂಟಿಕೊಳ್ಳುತ್ತದೆ, ತೊಳೆಯುವುದು ಕಷ್ಟವಾಗುತ್ತದೆ. ಆದ್ದರಿಂದ ಯೂರಿಯಾ ಹೆಚ್ಚಾಯಿತೆಂದು ಗೊತ್ತಾದ ದಿನವೇ ತೊಳೆಯಬೇಕು. ಎಲೆ ಸುಡಲಿ, ಆಮೇಲೆ ನೋಡೋಣ ಎಂದು ಕಾಯುವಂತಿಲ್ಲ.

ಎಲ್ಲ ಗೊಬ್ಬರಗಳ ಉಪ್ಪಿನ ಬಲವೂ ಒಂದೇ ಅಲ್ಲ. 1943ರಲ್ಲಿ ಅಮೆರಿಕದ ವಿಜ್ಞಾನಿಗಳು ಸೋಡಿಯಂ ನೈಟ್ರೇಟನ್ನು 100 ಎಂದಿಟ್ಟು ಉಳಿದ ಗೊಬ್ಬರಗಳನ್ನು ಅದರೊಂದಿಗೆ ತೂಗಿ ನೋಡುವ ಲವಣ ಸೂಚ್ಯಂಕವನ್ನು ರೂಪಿಸಿದರು. ಅದರಲ್ಲಿ ಮ್ಯೂರಿಯೇಟ್ ಆಫ್ ಪೊಟ್ಯಾಷ್ 116ಕ್ಕೆ ಬರುತ್ತದೆ, ಯೂರಿಯಾ 75ರ ಹತ್ತಿರ, ಡಿಎಪಿ 30ರ ಆಸುಪಾಸು. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕಳಿತಿದ್ದರೆ ಭಯವಿಲ್ಲ. ಆದರೆ ಹಸಿ ಕೋಳಿಗೊಬ್ಬರ ಅಮೋನಿಯವನ್ನೂ ಉಪ್ಪನ್ನೂ ಹೊತ್ತಿರುವುದರಿಂದ ಅದೂ ಸುಡುತ್ತದೆ. ಸಾವಯವ ಎಂಬ ಹೆಸರೊಂದೇ ಬೇರನ್ನು ಕಾಯುವುದಿಲ್ಲ.

ರೋಗವೋ, ಉಪ್ಪೋ?

ಗಿಡ ಬಾಡಲು ಕಾರಣ ಹಲವು. ಉಪ್ಪಿನ ಏಟಿನ ಗುರುತುಗಳನ್ನು ಒಟ್ಟಾಗಿ ನೋಡಿದರೆ ತಪ್ಪುವುದು ಕಡಿಮೆ. ಎಲೆಯ ತುದಿ ಮತ್ತು ಅಂಚು ಮೊದಲು ಕಂದಾಗುತ್ತವೆ, ನಡುಭಾಗ ಹಸಿರಾಗಿಯೇ ಇರುತ್ತದೆ. ಬೇರಿನಿಂದ ಹೊರಟ ನೀರಿನ ಪಯಣ ಕೊನೆಗೊಳ್ಳುವುದು ಅಂಚಿನಲ್ಲಿ. ನೀರು ಹಾರಿಹೋದಂತೆ ಅದು ಹೊತ್ತುತಂದ ಲವಣ ಅಲ್ಲೇ ಉಳಿದು ಸಾಂದ್ರವಾಗುತ್ತದೆ. ರೋಗದ ಚುಕ್ಕೆಗಳು ಎಲೆಯ ಮೇಲೆ ಎಲ್ಲೆಂದರಲ್ಲಿ ಕಾಣಿಸಿಕೊಳ್ಳುತ್ತವೆ. ಉಪ್ಪಿನ ಸುಡುವಿಕೆ ಅಂಚನ್ನು ಹಿಡಿದು ಒಳಕ್ಕೆ ಸರಿಯುತ್ತದೆ.

ಎರಡನೆಯ ಗುರುತು, ಮಣ್ಣಿನ ಮೇಲೆ ಅಥವಾ ಮಣ್ಣಿನ ಕುಂಡದ ಹೊರಮೈಯಲ್ಲಿ ಬಿಳಿ ಪೊರೆ. ಮೂರನೆಯದು, ಮಣ್ಣು ಹಸಿಯಿದ್ದಾಗಲೂ ಮಧ್ಯಾಹ್ನ ಗಿಡ ಜೋಲುಬೀಳುವುದು. ಅನುಮಾನ ಉಳಿದರೆ ಕುಂಡವನ್ನು ಮೆಲ್ಲಗೆ ಮಗುಚಿ ಬೇರು ನೋಡಬಹುದು. ಗಟ್ಟಿಯಾದ ತಿಳಿ ಬಣ್ಣದ ಬೇರು ಜೀವಂತ, ಒತ್ತಿದರೆ ಸಿಪ್ಪೆ ಜಾರುವ ಕಂದು ಬೇರು ಸತ್ತದ್ದು.

ಕುಡಿಯುವ ನೀರು ಪರೀಕ್ಷಿಸಲು ಹಲವರ ಮನೆಯಲ್ಲಿ ಈಗ ಟಿಡಿಎಸ್ ಮೀಟರ್ ಇರುತ್ತದೆ. ಅದು ಇಲ್ಲಿಯೂ ಉಪಯುಕ್ತ. ನೀರು ಹಾಕಿದ ಅರ್ಧ ಗಂಟೆಯ ಮೇಲೆ ಇನ್ನೊಂದು ಸಣ್ಣ ಲೋಟ ನೀರು ಹೊಯ್ದು, ತೂತಿನಿಂದ ಇಳಿದದ್ದನ್ನು ಹಿಡಿದು ಮೀಟರ್ ಅದ್ದಿ ನೋಡಬೇಕು. ಹಾಕಿದ ನೀರಿಗಿಂತ ಹೊರಬಂದ ನೀರಿನ ಅಂಕಿ ಏರಿದಷ್ಟೂ ಕುಂಡದಲ್ಲಿ ಉಪ್ಪು ಹೆಚ್ಚಿದೆ ಎಂದರ್ಥ. ಮನೆಯೊಳಗಿನ ಗಿಡಗಳಿಗೆ ಹೊರಬಂದ ನೀರಿನ ಅಂಕಿ 1,500 ದಾಟಿತೆಂದರೆ ತೊಳೆಯುವುದೇ ಲೇಸು.

ತೊಳೆಯುವ ಬಗೆ

ಮೊದಲು ಕಣ್ಣಿಗೆ ಕಾಣುವ ಹರಳುಗಳನ್ನು ಆರಿಸಿ ತೆಗೆಯಿರಿ. ಬಿಳಿ ಪೊರೆ ಇದ್ದರೆ ಮೇಲಿನ ಅರ್ಧ ಇಂಚು ಮಣ್ಣನ್ನು ಕೆರೆದು ಹೊರಹಾಕಿ. ಕುಂಡದ ತಳದ ತೂತು ಬೇರಿನಿಂದಲೋ ಮಣ್ಣಿನಿಂದಲೋ ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸಿ. ಕೆಳಗಿನ ತಟ್ಟೆಯನ್ನು ತೆಗೆದಿಟ್ಟು, ಹಿತ್ತಲಲ್ಲಿ ಎರಡು ಇಟ್ಟಿಗೆಗಳ ಮೇಲೆ ಕುಂಡವನ್ನು ನಿಲ್ಲಿಸಿ.

ಐದು ಲೀಟರಿನ ಕುಂಡಕ್ಕೆ ಹತ್ತು ಲೀಟರಾದರೂ ನೀರು ಬೇಕು. ಒಂದೇ ಸಲ ಬಕೆಟ್ ಮಗುಚಬಾರದು. ಎರಡೂವರೆ ಲೀಟರಿನಂತೆ ನಾಲ್ಕು ಸರದಿಯಲ್ಲಿ, ಝಾರಿಯಿಂದ ಸಣ್ಣಗೆ ಹೊಯ್ಯಬೇಕು. ಒಂದೊಂದು ಸರದಿಯ ನಡುವೆ ಅರ್ಧ ಗಂಟೆ ಬಿಡಬೇಕು. ಬಿಡುವಿಗೆ ಕಾರಣವಿದೆ. ಮೇಲಿಂದ ಬಿದ್ದ ನೀರು ದೊಡ್ಡ ಸಂದುಗಳನ್ನು ಹಿಡಿದು ಬೇಗ ಇಳಿದುಬಿಡುತ್ತದೆ, ಉಪ್ಪು ಸಣ್ಣ ಸಂದುಗಳಲ್ಲಿ ಅಡಗಿ ಕೂತಿರುತ್ತದೆ. ಬಿಡುವು ಕೊಟ್ಟರೆ ಆ ಉಪ್ಪು ನಿಧಾನವಾಗಿ ದೊಡ್ಡ ಸಂದಿಗೆ ಹರಡುತ್ತದೆ, ಮುಂದಿನ ಸರದಿಯ ನೀರು ಅದನ್ನು ಹೊತ್ತೊಯ್ಯುತ್ತದೆ. ಹೊಲದ ಮಣ್ಣಿಗೂ ಒಂದು ಸ್ಥೂಲ ನಿಯಮವಿದೆ. ಒಂದು ಅಡಿ ಮಣ್ಣಿನ ಮೂಲಕ ಒಂದು ಅಡಿ ನೀರು ಬಸಿದು ಹೋದರೆ ಕರಗುವ ಉಪ್ಪಿನ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು ತೊಳೆದುಹೋಗುತ್ತದೆ. ವಾರ ಬಿಟ್ಟು, ಮೇಲ್ಮಣ್ಣು ಒಣಗಿದ ನಂತರ ಇನ್ನೊಮ್ಮೆ ತೊಳೆದರೆ ಉಳಿದದ್ದರಲ್ಲೂ ಬಹುಪಾಲು ಹೋಗುತ್ತದೆ.

ಯಾವ ನೀರು ಎಂಬುದೂ ಮುಖ್ಯ. ಅಚ್ಚುಕಟ್ಟಿನ ಅನೇಕ ಕೊಳವೆಬಾವಿಗಳ ನೀರು ತಾನೇ ಉಪ್ಪಾಗಿರುತ್ತದೆ. ಉಪ್ಪುನೀರಿನಿಂದ ಉಪ್ಪನ್ನು ತೊಳೆಯಲಾಗದು. ಮಳೆನೀರು ಎಲ್ಲಕ್ಕಿಂತ ಉತ್ತಮ, ನದಿಯ ಅಥವಾ ಕಾಲುವೆಯ ನೀರೂ ಒಳ್ಳೆಯದು. ಜೂನ್, ಜುಲೈನ ಮಳೆಯಲ್ಲಿ ಕುಂಡವನ್ನು ಅಂಗಳದಲ್ಲಿ ಇಟ್ಟುಬಿಟ್ಟರೆ ಅರ್ಧ ಚಿಕಿತ್ಸೆ ತಾನಾಗಿ ಆಗುತ್ತದೆ. ಗಡಸುನೀರನ್ನು ಮೃದು ಮಾಡುವ ಯಂತ್ರದಿಂದ ಬಂದ ನೀರು ಮಾತ್ರ ಬೇಡ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ.

ಎರಿ ಮಣ್ಣು, ಮಸಾರಿ ಮಣ್ಣು

ಕುಂಡಕ್ಕೆ ಯಾವ ಮಣ್ಣು ತುಂಬಿದ್ದೀರಿ ಎಂಬುದರ ಮೇಲೆ ತೊಳೆಯುವ ಕೆಲಸದ ಫಲ ನಿಂತಿದೆ. ಗೋಕಾಕದ ಜಲಪಾತ ಧುಮುಕುವುದು ಮರಳುಗಲ್ಲಿನ ಬಂಡೆಯಿಂದ. ಆ ಗುಡ್ಡಗಳ ಆಸುಪಾಸಿನ ಮಸಾರಿ ಮಣ್ಣಿನಲ್ಲಿ ಉಸುಕಿನ ಪಾಲು ಹೆಚ್ಚು. ಉತ್ತರಕ್ಕೆ ಸರಿದಂತೆ ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಬಸಾಲ್ಟ್ ಶಿಲೆ ಸಿಗುತ್ತದೆ. ಅದು ಸವೆದು ಪುಡಿಯಾಗಿ ಆದದ್ದೇ ಎರಿ ಮಣ್ಣು. ಎರಿ ಮಣ್ಣಿನ ಜೇಡಿ ನೀರು ಕುಡಿದು ಊದಿಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಬಿಳಿಜೋಳಕ್ಕೂ ಕಡಲೆಗೂ ಹಿಂಗಾರಿಯಲ್ಲಿ ತೇವ ಕಾದಿಡುವ ಈ ಗುಣವೇ ಕುಂಡದಲ್ಲಿ ತೊಡಕಾಗುತ್ತದೆ. ಊದಿದ ಜೇಡಿ ಸಂದುಗಳನ್ನು ಮುಚ್ಚಿಬಿಡುವುದರಿಂದ ನೀರು ಇಳಿಯುವುದೇ ಇಲ್ಲ. ಸೋಡಿಯಂ ಸೇರಿದರಂತೂ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣು ಅಂಟಾಗುತ್ತದೆ.

ಆದ್ದರಿಂದ ಮಸಾರಿ ಮಣ್ಣು, ಉಸುಕು, ಗೊಬ್ಬರ ಬೆರೆಸಿ ತುಂಬಿದ ಕುಂಡವನ್ನು ತೊಳೆಯಿರಿ, ಬರೀ ಎರಿ ಮಣ್ಣು ತುಂಬಿದ ಕುಂಡದ ಗಿಡವನ್ನು ಬೇರೆ ಮಣ್ಣಿಗೆ ಸಾಗಿಸಿ. ಸಾಗಿಸುವಾಗ ಬೇರಿಗೆ ಅಂಟಿದ ಮಣ್ಣನ್ನು ನೀರಿನಲ್ಲಿ ಅಲ್ಲಾಡಿಸಿ ಬಿಡಿಸಬೇಕು, ಸತ್ತ ಬೇರನ್ನು ಕತ್ತರಿಸಬೇಕು. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಸಾಕು. ಕುಂಡ ಹಿಂದಿನದಕ್ಕಿಂತ ದೊಡ್ಡದಿರಬಾರದು. ಬೇರು ಕಡಿಮೆಯಾಗಿರುವಾಗ ದೊಡ್ಡ ಕುಂಡದಲ್ಲಿ ನೀರು ಉಳಿದು ಕೊಳೆ ರೋಗ ಹತ್ತುತ್ತದೆ. ಮನಿಪ್ಲಾಂಟ್, ಕ್ರೋಟನ್, ದಾಸವಾಳ, ತುಳಸಿಯಂತಹ ಗಿಡಗಳಾದರೆ ಇನ್ನೂ ಹಸಿರಿರುವ ಒಂದೆರಡು ತುಂಡುಗಳನ್ನು ಕತ್ತರಿಸಿ ಬೇರೆ ಕಡೆ ನೆಟ್ಟುಬಿಡಿ. ತಾಯಿಗಿಡ ಸೋತರೂ ತಳಿ ಉಳಿಯುತ್ತದೆ.

ಕಾಯುವ ದಿನಗಳು

ತೊಳೆದ ಗಿಡದ ಬೇರು ಗಾಯಗೊಂಡಿದೆ, ಮೊದಲಿನಷ್ಟು ನೀರು ಎತ್ತಲಾರದು. ಎಲೆಯಿಂದ ನೀರು ಹಾರಿಹೋಗುವುದು ತಗ್ಗುವಂತೆ ಬಿಸಿಲು ನೇರ ಬೀಳದ, ಬೆಳಕಿರುವ, ಗಾಳಿ ಬಿರುಸಿಲ್ಲದ ಜಾಗದಲ್ಲಿ ಇಡಬೇಕು. ಕತ್ತಲ ಕೋಣೆ ಬೇಡ, ಬೆಳಕಿಲ್ಲದೆ ಹೊಸ ಬೇರಿಗೆ ಬೇಕಾದ ಆಹಾರ ತಯಾರಾಗದು. ಪೂರ್ತಿ ಒಣಗಿದ ಎಲೆಯನ್ನು ತೆಗೆಯಿರಿ. ಅರ್ಧ ಹಸಿರಿರುವ ಎಲೆಯನ್ನು ಬಿಡಿ, ಆ ಅರ್ಧ ಇನ್ನೂ ದುಡಿಯುತ್ತಿದೆ.

ತೊಳೆದ ಮೇಲೆ ದಿನವೂ ನೀರು ಹಾಕುವುದು ಸಾಮಾನ್ಯ ತಪ್ಪು. ಹೊಸ ಬೇರು ಮೂಡಲು ಆಮ್ಲಜನಕ ಬೇಕು. ಸಂದುಗಳಲ್ಲೆಲ್ಲ ನೀರು ನಿಂತರೆ ಉಪ್ಪಿನಿಂದ ಪಾರಾದ ಬೇರು ಉಸಿರುಗಟ್ಟಿ ಸಾಯುತ್ತದೆ. ಬೆರಳನ್ನು ಒಂದು ಇಂಚು ಒಳಗಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು ಕೊಡಿ. ಎಪ್ಸಮ್ ಉಪ್ಪು, ಹ್ಯೂಮಿಕ್ ಟಾನಿಕ್, 19:19:19 ಗೊಬ್ಬರ ಯಾವುದೂ ಈ ಹೊತ್ತಿಗೆ ಬೇಡ. ಎಪ್ಸಮ್ ಉಪ್ಪು ಕೂಡ ಉಪ್ಪೇ.

ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ. ಸತ್ತ ಕೋಶಕ್ಕೆ ಮರುಜೀವವಿಲ್ಲ. ಗಿಡ ಚೇತರಿಸಿಕೊಂಡಿತೋ ಇಲ್ಲವೋ ಎಂದು ತಿಳಿಯಲು ಹಳೆಯ ಎಲೆಗಳನ್ನು ನೋಡಬಾರದು, ಕುಡಿಯನ್ನು ನೋಡಬೇಕು. ಕಾಂಡದ ತುದಿಯಲ್ಲಿ, ಎಲೆಯ ಕಂಕುಳಲ್ಲಿ ವಿಭಜನೆಗೊಳ್ಳುವ ಎಳೆಯ ಕೋಶಗಳು ಉಳಿದಿದ್ದರೆ ಅಲ್ಲಿಂದ ಹೊಸ ಚಿಗುರು ಬರುತ್ತದೆ. ತೊಗಟೆಯನ್ನು ಉಗುರಿನಿಂದ ಗೀರಿದಾಗ ಒಳಗೆ ಹಸಿರು ಕಂಡರೆ ಆಸೆ ಬಿಡಬೇಡಿ. ಎರಡು ಮೂರು ಹೊಸ ಎಲೆಗಳು ಪೂರ್ತಿ ಅರಳಿದ ಮೇಲೆ, ಪೊಟ್ಟಣದ ಮೇಲೆ ಬರೆದ ಪ್ರಮಾಣದ ಕಾಲು ಭಾಗವನ್ನು ನೀರಿನಲ್ಲಿ ಕರಗಿಸಿ ಕೊಡಬಹುದು. ಒಣಗಿದ ಮಣ್ಣಿಗೆ ಗೊಬ್ಬರದ ನೀರು ಹಾಕುವ ಮುನ್ನ ಸಾದಾ ನೀರು ಹಾಕುವುದು ಯಾವತ್ತಿಗೂ ಪಾಲಿಸಬೇಕಾದ ಕ್ರಮ.

ಕುಂಡದಿಂದ ಹೊಲಕ್ಕೆ

ಘಟಪ್ರಭೆಯ ಉಪನದಿ ಹಿರಣ್ಯಕೇಶಿ ಹುಟ್ಟುವ ಅಂಬೋಲಿ ಘಟ್ಟದಲ್ಲಿ ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಸುರಿಯುತ್ತದೆ. ಅಲ್ಲಿನ ಮಣ್ಣನ್ನು ಆಕಾಶವೇ ತೊಳೆಯುತ್ತದೆ. ಅದೇ ನೀರು ಸಂಕೇಶ್ವರ ದಾಟಿ ಘಟಪ್ರಭೆ ಸೇರಿ ಗೋಕಾಕಕ್ಕೆ ಬರುವ ಹೊತ್ತಿಗೆ ಮಳೆಯ ನೆರಳಿನ ನಾಡು ಶುರುವಾಗಿರುತ್ತದೆ. ಇಲ್ಲಿ ಬೀಳುವ ಮಳೆಗಿಂತ ಆವಿಯಾಗುವ ನೀರು ಹೆಚ್ಚು. ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಟ್ಟುಹೋಗುತ್ತದೆ.

ಈ ಒಣನಾಡಿಗೆ 1897ರಲ್ಲಿ ಧೂಪದಾಳದ ಒಡ್ಡು, 1977ರಲ್ಲಿ ಹುಕ್ಕೇರಿ ತಾಲೂಕಿನ ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯ ನೀರು ತಂದವು. ಯೋಜನೆಯ ಅಚ್ಚುಕಟ್ಟು ಮೂರು ಲಕ್ಷ ಹೆಕ್ಟೇರಿಗೂ ಹೆಚ್ಚು. ಬರ ಕಂಡಿದ್ದ ಊರುಗಳಿಗೆ ಕಾಲುವೆ ಬದುಕು ಕೊಟ್ಟಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿಹಿನೀರಿನಲ್ಲೂ ಉಪ್ಪಿದೆ. ಲೀಟರಿಗೆ 200 ಮಿಲಿಗ್ರಾಂ ಲವಣವಿರುವ ಒಳ್ಳೆಯ ನೀರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ವರ್ಷವಿಡೀ ನಿಲ್ಲುವ ಕಬ್ಬಿಗೆ ಒಟ್ಟು ಒಂದೂವರೆ ಮೀಟರ್ ಆಳದಷ್ಟು ನೀರು ಹಾಯಿಸಿದರೆ ಒಂದು ಹೆಕ್ಟೇರಿಗೆ ಒಂದೂವರೆ ಕೋಟಿ ಲೀಟರ್ ಆಗುತ್ತದೆ. ಅದರೊಂದಿಗೆ ಬರುವ ಉಪ್ಪು ಮೂರು ಟನ್. ಕಬ್ಬು ನೀರನ್ನು ಕುಡಿದು ಆವಿಯಾಗಿಸುತ್ತದೆ, ಉಪ್ಪಿನ ಬಹುಪಾಲನ್ನು ಮಣ್ಣಿನಲ್ಲೇ ಬಿಡುತ್ತದೆ. ಪ್ರತಿ ವರ್ಷವೂ ಹೀಗೆಯೇ.

ಹೆಚ್ಚಾದ ನೀರು ಕೆಳಕ್ಕೆ ಬಸಿದು ಹಳ್ಳ ಸೇರುತ್ತಿದ್ದರೆ ಉಪ್ಪೂ ಹೋಗುತ್ತಿತ್ತು. ಎರಿ ಭೂಮಿಯ ತಗ್ಗಿನಲ್ಲಿ ಬಸಿಯಲು ದಾರಿಯಿಲ್ಲ. ಹಾಯಿಸಿದ ನೀರು ಕೆಳಗೆ ನಿಂತು ಅಂತರ್ಜಲದ ಮಟ್ಟ ಮೇಲೇರುತ್ತದೆ. ಅದು ಮೇಲ್ಮೈಯಿಂದ ಒಂದೂವರೆ ಎರಡು ಮೀಟರ್ ಒಳಗೆ ಬಂದಾಗ ಮಣ್ಣಿನ ಸೂಕ್ಷ್ಮ ಸಂದುಗಳು ನೀರನ್ನು ಮೇಲಕ್ಕೆ ಎಳೆಯತೊಡಗುತ್ತವೆ. ಬೇಸಿಗೆಯಲ್ಲಿ ಆ ನೀರು ಆವಿಯಾಗಿ ಹೊಲದ ಮೈಮೇಲೆ ಬಿಳಿ ಉಪ್ಪು ಕಾಣಿಸುತ್ತದೆ. ಕುಂಡದ ಬಾಯಲ್ಲಿ ಕಾಣುವ ಬಿಳಿ ಪೊರೆ, ಹೊಲದ ಸವಳು ಎರಡೂ ಒಂದೇ ಭೌತಿಕ ಕ್ರಿಯೆಯ ಫಲ.

ಒಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಬೇಕು. ಕುಂಡದಲ್ಲಿ ಅಪರಾಧಿ ಗೊಬ್ಬರ. ಹೊಲದ ಸವಳಿಗೆ ಮುಖ್ಯ ಕಾರಣ ನೀರಾವರಿ ಮತ್ತು ಬಸಿಯದ ಮಣ್ಣು, ಗೊಬ್ಬರ ಎರಡನೆಯದು. ಆದರೆ ಸವಳಿನಲ್ಲಿ ಬೆಳೆ ಸೊರಗಿದಾಗ ರೈತರೂ ಕುಂಡದ ಗಿಡಕ್ಕೆ ಮಾಡಿದ್ದನ್ನೇ ಮಾಡುವುದುಂಟು, ಇನ್ನೆರಡು ಚೀಲ ಯೂರಿಯಾ ಚೆಲ್ಲುತ್ತಾರೆ. ಬಾಯಾರಿದ ಬೆಳೆಗೆ ಅದು ಇನ್ನಷ್ಟು ಉಪ್ಪು. ಬೇರು ಹೀರದ ಸಾರಜನಕ ನೈಟ್ರೇಟ್ ಆಗಿ ಬಾವಿಯ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ.

ಮಣ್ಣಿನ ಉಪ್ಪನ್ನು ಅದರ ದ್ರಾವಣದ ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಅದರ ಮಾನ ಡೆಸಿಸೀಮನ್ಸ್ ಪ್ರತಿ ಮೀಟರ್. ಈ ಅಂಕಿ 4 ದಾಟಿದರೆ ಸವಳು ಮಣ್ಣು ಎಂದು ಅಮೆರಿಕದ ಲವಣ ಪ್ರಯೋಗಾಲಯ 1954ರಲ್ಲಿ ಕೊಟ್ಟ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಆದರೆ ಕಬ್ಬು 4ರವರೆಗೆ ಕಾಯುವುದಿಲ್ಲ. 1.7 ದಾಟಿದ ಮೇಲೆ ಪ್ರತಿ ಒಂದು ಅಂಕಿಗೆ ಇಳುವರಿ ಸುಮಾರು ಶೇಕಡಾ 6ರಷ್ಟು ತಗ್ಗುತ್ತದೆ. 5ಕ್ಕೆ ತಲುಪಿದ ಹೊಲದಲ್ಲಿ ಐದರಲ್ಲಿ ಒಂದು ಪಾಲು ಬೆಳೆ ಹೋಯಿತು. ಹತ್ತಿ ಸುಮಾರು 7.7ರವರೆಗೂ ತಾಳಿಕೊಳ್ಳುತ್ತದೆ. ಹೀಗಾಗಿ ಸವಳು ಹೊಲದಲ್ಲಿ ಬೆಳೆಯ ಆಯ್ಕೆಯೂ ಚಿಕಿತ್ಸೆಯ ಒಂದು ಭಾಗ.

ಪರಿಹಾರವೂ ಕುಂಡದ ಪರಿಹಾರವೇ, ಅಳತೆ ಮಾತ್ರ ದೊಡ್ಡದು. ಕುಂಡಕ್ಕೆ ತಳದಲ್ಲಿ ತೂತಿರುವಂತೆ ಹೊಲಕ್ಕೆ ಬಸಿಗಾಲುವೆ ಬೇಕು. ಸುಮಾರು ಒಂದು ಮೀಟರ್ ಆಳದಲ್ಲಿ ತೂತುಗಳುಳ್ಳ ಪ್ಲಾಸ್ಟಿಕ್ ಪೈಪುಗಳನ್ನು, ಮಣ್ಣು ನುಗ್ಗದಂತೆ ಜಾಳಿಗೆ ಬಟ್ಟೆ ಸುತ್ತಿ ಹೂಳುತ್ತಾರೆ. ಅವು ಉಪ್ಪುನೀರನ್ನು ಕೂಡುಪೈಪಿಗೆ, ಅಲ್ಲಿಂದ ಹಳ್ಳಕ್ಕೆ ಒಯ್ಯುತ್ತವೆ. ಸೋಡಿಯಂ ಹೆಚ್ಚಾಗಿ ಮಣ್ಣು ಕ್ಷಾರವಾಗಿದ್ದರೆ ಮೊದಲು ಜಿಪ್ಸಂ ಹಾಕಬೇಕು. ಜಿಪ್ಸಂನ ಕ್ಯಾಲ್ಸಿಯಂ ಜೇಡಿಗೆ ಅಂಟಿದ ಸೋಡಿಯಂ ಅನ್ನು ಹೊರದೂಡಿ ಆ ಜಾಗ ಹಿಡಿಯುತ್ತದೆ, ಚದುರಿದ ಜೇಡಿ ಕಣಗಳು ಮತ್ತೆ ಗುಂಪುಗೂಡಿ ಮಣ್ಣು ನೀರು ಬಿಡುತ್ತದೆ. ಹೊರಬಂದ ಸೋಡಿಯಂ ಸಲ್ಫೇಟನ್ನು ಆಮೇಲೆ ನೀರಿನಿಂದ ತೊಳೆಯಬೇಕು. ಬಸಿಯಲು ದಾರಿ ಮಾಡದೆ ಜಿಪ್ಸಂ ಹಾಕಿದರೆ ಹಣ ಮಣ್ಣುಪಾಲು. ಸೆಣಬು, ಡಯಂಚದಂತಹ ಹಸಿರೆಲೆ ಗೊಬ್ಬರ ಮಣ್ಣನ್ನು ಸಡಿಲಗೊಳಿಸಿ ಈ ಕೆಲಸಕ್ಕೆ ನೆರವಾಗುತ್ತದೆ. ಕರ್ನಾಲದ ಕೇಂದ್ರೀಯ ಮಣ್ಣಿನ ಲವಣತೆ ಸಂಶೋಧನಾ ಸಂಸ್ಥೆ 1969ರಿಂದ, ನಮ್ಮಲ್ಲಿ ಗಂಗಾವತಿಯ ಸಂಶೋಧನಾ ಕೇಂದ್ರ ತುಂಗಭದ್ರಾ ಅಚ್ಚುಕಟ್ಟಿನ ಮಣ್ಣಿನಲ್ಲಿ ಇದೇ ದಾರಿಯನ್ನು ಪರೀಕ್ಷಿಸುತ್ತ ಬಂದಿವೆ.

ಕುಂಡದ ತೂತನ್ನು ಒಬ್ಬರೇ ಬಿಡಿಸಬಹುದು. ಹೊಲದ ನೀರು ಮಾತ್ರ ಪಕ್ಕದವರ ಬಾಂದು ದಾಟಿಯೇ ಹಳ್ಳ ಮುಟ್ಟಬೇಕು. ಮೇಲಿನ ಹೊಲದವರು ಹೆಚ್ಚು ನೀರು ಹಾಯಿಸಿದರೆ ಸವಳಾಗುವುದು ಕೆಳಗಿನವರ ಭೂಮಿ. ಹಳ್ಳದಲ್ಲಿ ಹೂಳು ತುಂಬಿದ್ದರೆ ಎಷ್ಟು ಪೈಪು ಹೂತರೂ ನೀರು ನಿಂತಲ್ಲೇ ನಿಲ್ಲುತ್ತದೆ. ಹೀಗಾಗಿ ಬಸಿಗಾಲುವೆ ಒಬ್ಬ ರೈತನ ಕೆಲಸವಾಗಿ ಗೆಲ್ಲುವುದಿಲ್ಲ, ಒಂದು ಹಳ್ಳದ ಸಾಲಿನ ರೈತರೆಲ್ಲ ಕೂಡಿ, ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರವನ್ನು ಜೊತೆಗೆ ತೆಗೆದುಕೊಂಡು ಮಾಡಬೇಕಾದದ್ದು. ಹನಿ ನೀರಾವರಿ ಹಾಕಿಸಿ ಹಾಯಿಸುವ ನೀರನ್ನೇ ತಗ್ಗಿಸುವುದು ಇದರ ಇನ್ನೊಂದು ಮುಖ.

ಇಡೀ ಬರಹದ ಮಾತನ್ನು ಎರಡು ರೂಢಿಗಳಿಗೆ ಇಳಿಸಬಹುದು. ಗೊಬ್ಬರ ಹಾಕುವ ಮೊದಲು ಅಳೆಯಿರಿ. ಕುಂಡಕ್ಕೆ ಚಿಟಿಕೆಯ ಲೆಕ್ಕ, ಹೊಲಕ್ಕೆ ಮಣ್ಣು ಪರೀಕ್ಷೆಯ ಲೆಕ್ಕ. ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರ, ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನವರಿಗೆ ಕೈಗೆಟುಕುವ ದೂರದಲ್ಲೇ ಇವೆ. ಎರಡನೆಯದು, ನೀರು ಒಳಬರುವ ದಾರಿಗೆ ಪಡುವ ಚಿಂತೆಯಷ್ಟೇ ಚಿಂತೆ ಅದು ಹೊರಹೋಗುವ ದಾರಿಗೂ ಇರಲಿ. ನೂರು ವರ್ಷಕ್ಕೂ ಮಿಕ್ಕಿ ನಾವು ಘಟಪ್ರಭೆಯಿಂದ ಹೊಲಕ್ಕೆ ನೀರು ತರುವುದನ್ನು ಕಲಿತೆವು. ಹೊಲದಿಂದ ಉಪ್ಪನ್ನು ಕಳಿಸಿಕೊಡುವುದನ್ನು ಅಷ್ಟೇ ಶ್ರದ್ಧೆಯಿಂದ ಕಲಿತರೆ ಮಾತ್ರ ಮುಂದಿನ ತಲೆಮಾರಿಗೆ ಕಬ್ಬೋ ಜೋಳವೋ ಬೆಳೆಯುವ ಭೂಮಿ ಉಳಿಯುತ್ತದೆ.